ವಾಲ್ಪ್ರೊಯೇಟ್ ನುಂಗೋ ಹೆಣ್ಮಕ್ಕಳಿಗೆ ವಿಷಯ ಹೇಳೋರು ಯಾರು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ರಾಜ್ಯದ ಔಷಧ ನಿಯಂತ್ರಕರಿಗೆ, ಮತ್ತೆ ಇದನ್ನ ಓದೋಕೆ ಪುರುಸೊತ್ತು ಇರೋ ಎಲ್ಲ ನ್ಯೂರಾಲಜಿ, ಸೈಕಿಯಾಟ್ರಿ, ಹೆರಿಗೆ ಡಾಕ್ಟರುಗಳಿಗೆ ನಮಸ್ಕಾರ.

ನಾನು ಸೀರಿಯಲ್ಲಿಗೂ ಸಿನಿಮಾಗೂ ಚಿತ್ರಕಥೆ, ಡೈಲಾಗ್ ಬರೆದು ಹೊಟ್ಟೆ ಹೊರೆಯೋನು. ಮೆಡಿಸಿನ್ ಓದಿದೋನಲ್ಲ, ಲಾಯರೂ ಅಲ್ಲ. ಹಾಗಾಗಿ ಈ ಪತ್ರದಲ್ಲಿ ಹೊಸದಾಗಿ ಕಂಡುಹಿಡಿದಿದ್ದು ಏನೂ ಇಲ್ಲ, ಎಲ್ಲ ಪುಸ್ತಕಗಳಲ್ಲಿ ಪ್ರಿಂಟ್ ಆಗಿರೋದೇ, ನಿಮ್ಮ ಇಲಾಖೆಗೆ ಗೊತ್ತಿರೋದೇ, ಡಾಕ್ಟರುಗಳು ಪರೀಕ್ಷೇಲಿ ಬರೆದು ಪಾಸಾಗಿರೋದೇ. ನನ್ನ ತಕರಾರೂ ಅದೇ. ಕಂಪನಿಗೆ ಗೊತ್ತು, ಸರ್ಕಾರಕ್ಕೆ ಗೊತ್ತು, ಡಾಕ್ಟರಿಗೆ ಗೊತ್ತು, ಆ ಮಾತ್ರೆನ ದಿನಾ ಎರಡು ಹೊತ್ತು ನುಂಗೋ ಹೆಂಗಸಿಗೆ ಮಾತ್ರ ಗೊತ್ತಿಲ್ಲ.

ಮಾತ್ರೆ ಸೋಡಿಯಂ ವಾಲ್ಪ್ರೊಯೇಟ್. ಫಿಟ್ಸ್‌ಗೆ ಕೊಡ್ತಾರೆ, ಬೈಪೋಲಾರ್ ಅನ್ನೋ ಮಾನಸಿಕ ಕಾಯಿಲೆ ಇರೋರಿಗೆ ಕೊಡ್ತಾರೆ, ಕೆಲವು ಸಲ ಬರೀ ಮೈಗ್ರೇನ್‌ಗೂ ಕೊಡ್ತಾರೆ. ಇದು ಕೆಟ್ಟ ಮಾತ್ರೆ ಅಂತ ನಾನು ಹೇಳ್ತಿಲ್ಲ. 1960ರ ದಶಕದ ಶುರುವಲ್ಲಿ ಫ್ರಾನ್ಸಲ್ಲಿ ಬೇರೆ ಔಷಧಿಗಳನ್ನ ಕರಗಿಸೋಕೆ ಅಂತ ಬಳಸ್ತಿದ್ದ ದ್ರವ ಇದು, ಅದೇ ಫಿಟ್ಸ್ ತಡೀತಿದೆ ಅಂತ ಆಕಸ್ಮಿಕವಾಗಿ ಗೊತ್ತಾಗಿ 1967ರಲ್ಲಿ ಅಲ್ಲೇ ಮಾರ್ಕೆಟ್ಟಿಗೆ ಬಂತು. ಲಕ್ಷಾಂತರ ಜನರ ಫಿಟ್ಸ್ ನಿಲ್ಲಿಸಿದೆ. ಕೆಲವು ಥರದ ಫಿಟ್ಸ್‌ಗೆ ಇವತ್ತಿಗೂ ಇದರಷ್ಟು ಚೆನ್ನಾಗಿ ಕೆಲಸ ಮಾಡೋದು ಇನ್ನೊಂದಿಲ್ಲ ಅಂತಾರೆ, ಒಪ್ಕೋತೀನಿ.

ಆದ್ರೆ ಇದನ್ನ ನುಂಗ್ತಾ ಇರುವಾಗಲೇ ಬಸುರಾದ್ರೆ, ಹುಟ್ಟೋ 100 ಮಕ್ಕಳಲ್ಲಿ ಹತ್ತಿರ ಹತ್ತಿರ 10 ಮಕ್ಕಳಿಗೆ ಹುಟ್ಟಿನಿಂದಲೇ ದೊಡ್ಡ ನ್ಯೂನತೆ ಇರುತ್ತೆ. ಬೆನ್ನುಹುರಿ ಮುಚ್ಚದೇ ಇರೋದು, ಹೃದಯದಲ್ಲಿ ತೂತು, ಸೀಳುತುಟಿ ಇಂಥವು. ಸಾಮಾನ್ಯವಾಗಿ ಎಲ್ಲ ಹೆರಿಗೆಗಳಲ್ಲಿ ಇದು 100ಕ್ಕೆ 2, 3 ಅಷ್ಟೇ. ಇನ್ನು ಮೈಯಲ್ಲಿ ಏನೂ ಕಾಣದೆ ಚೆನ್ನಾಗೇ ಹುಟ್ಟಿದ ಮಕ್ಕಳಿಗೆ ಆಮೇಲೆ ಕಾಣಿಸ್ಕೊಳ್ಳೋದಿದ್ಯಲ್ಲ, ಮಾತು ತಡ, ನಡಿಗೆ ತಡ, ಆಟಿಸಂ, ಕಲಿಯೋಕೆ ಕಷ್ಟ, ಇದು 100ಕ್ಕೆ 30ರಿಂದ 40 ಮಕ್ಕಳಿಗೆ ಅಂತ ಯುರೋಪಿನ ಔಷಧ ಸಂಸ್ಥೆನೇ ಹೇಳಿದೆ. 100ಕ್ಕೆ 40 ಸ್ವಾಮಿ. ಬೇರೆ ಯಾವ ವಸ್ತು ಮಾರುವಾಗ ಇಂಥದ್ದನ್ನ ಹೇಳದೆ ಮಾರೋಕೆ ಬಿಡ್ತೀರಿ? ಡೋಸ್ ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ, ಅದೂ ಗೊತ್ತಿರೋದೇ. ಅದೇ ಫಿಟ್ಸ್‌ಗೆ ಕೊಡೋ ಲೆವೆಟಿರಾಸಿಟಾಮ್, ಲಾಮೊಟ್ರಿಜಿನ್ ಮಾತ್ರೆಗಳನ್ನ ಇಟ್ಟು ನೋಡಿದ್ರೆ, ಹಲವು ದೇಶಗಳ ತಾಯಂದಿರನ್ನ ಲೆಕ್ಕ ಇಟ್ಟ ಯೂರಾಪ್ ರಿಜಿಸ್ಟ್ರಿ 2018ರಲ್ಲಿ ಕೊಟ್ಟ ಅಂಕಿ ಪ್ರಕಾರ ವಾಲ್ಪ್ರೊಯೇಟಲ್ಲಿ ನ್ಯೂನತೆ ಶೇಕಡ 10.3, ಲಾಮೊಟ್ರಿಜಿನ್‌ನಲ್ಲಿ 2.9, ಲೆವೆಟಿರಾಸಿಟಾಮಲ್ಲಿ 2.8.

ಇನ್ನೊಂದು ವಿಷಯ, ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೇ ಟೈಮ್ ಹಿಡೀತು. ಮಗುವಿನ ಬೆನ್ನುಹುರಿ ಆಗೋ ಕೊಳವೆ ಇರುತ್ತಲ್ಲ, ಅದು ಗರ್ಭ ನಿಂತ ಮೊದಲ ನಾಲ್ಕು ವಾರದೊಳಗೆ ಮುಚ್ಕೋಬೇಕು. ಅಂದ್ರೆ ಮುಟ್ಟು ತಪ್ಪಿದೆ, ಟೆಸ್ಟ್ ಮಾಡೋಣ, ಯಾವ ಡಾಕ್ಟರ್ ಹತ್ರ ಹೋಗೋಣ ಅಂತ ಯೋಚನೆ ಮಾಡೋ ಹೊತ್ತಿಗೆ ಆ ಕೆಲಸ ಮುಗಿದಿರುತ್ತೆ. ಮೂರನೇ ತಿಂಗಳಲ್ಲಿ ಸ್ಕ್ಯಾನಿಂಗ್‌ಗೆ ಬಂದವಳಿಗೆ ಅಯ್ಯೋ ಈ ಮಾತ್ರೆ ತಗೋತಿದ್ಯೇನಮ್ಮ ಅಂತ ಕೇಳೋದು, ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹೇಳೋದಿದ್ರೆ ಮದುವೆಗೂ ಮುಂಚೆ, ಬಸುರಿಗೂ ಮುಂಚೆ, ಮೊದಲ ಚೀಟಿ ಬರೆಯೋ ದಿನಾನೇ ಹೇಳ್ಬೇಕು.

ಮುಂದೆ ಹೋಗೋ ಮುಂಚೆ, ಇದನ್ನ ಓದ್ತಿರೋ ಯಾರಾದ್ರೂ ಈ ಮಾತ್ರೆ ತಗೋತಿದ್ರೆ ದಯವಿಟ್ಟು ಇವತ್ತೇ ನಿಲ್ಲಿಸ್ಬೇಡಿ. ಬಸುರಿ ಆಗಿದ್ರೂ ನೀವಾಗೇ ನಿಲ್ಲಿಸ್ಬೇಡಿ. ಇದ್ದಕ್ಕಿದ್ದಂಗೆ ಬಿಟ್ರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಕುತ್ತು ಬರಬಹುದು, ತಾಯಿಗೂ ಮಗುಗೂ. ಬರೆದುಕೊಟ್ಟ ಡಾಕ್ಟರ್ ಹತ್ರ ಹೋಗಿ, ನಾನು ಮಗು ಮಾಡ್ಕೋಬೇಕು ಅಂತಿದೀನಿ ಅಥವಾ ಆಗ್ಬಿಟ್ಟಿದೆ, ಏನ್ ಮಾಡೋಣ ಅಂತ ಕೇಳಿ. ಬದಲಾಯಿಸೋದಾದ್ರೆ ಅವರು ನಿಧಾನಕ್ಕೆ ಬದಲಾಯಿಸ್ತಾರೆ, ಆಗದೇ ಇದ್ರೆ ಡೋಸ್ ಕಮ್ಮಿ ಮಾಡೋದು, ಫೋಲಿಕ್ ಆಸಿಡ್ ಕೊಡೋದು ಅಂತ ದಾರಿಗಳಿವೆ. ನಾನು ಸೀರಿಯಲ್ ಬರೆಯೋನು, ನನ್ನ ಮಾತು ಕೇಳಿ ಮಾತ್ರೆ ಬಿಡೋದು ಬೇಡ.

ನನಗೆ ಇದೆಲ್ಲ ಗೊತ್ತಾಗಿದ್ದು ತಂಗಿ ಮಗನಿಂದ. ತಂಗಿಗೆ ಪಿಯುಸಿ ಟೈಮಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಕೈ ಜರ್ಕ್ ಹೊಡೆಯೋದು, ಕಾಫಿ ಲೋಟ ಹಾರಿ ಬೀಳೋದು, ನಾವೆಲ್ಲ ನಿದ್ದೆ ಮಂಪರು ಅಂತ ನಗ್ತಿದ್ವಿ, ಆಮೇಲೆ ಒಂದಿನ ಮನೆ ಹಾಲ್‌ನಲ್ಲೇ ದೊಡ್ಡ ಫಿಟ್ಸ್ ಬಂತು. ವಾಲ್ಪ್ರೊಯೇಟ್ ಕೊಟ್ರು, ಸ್ವಿಚ್ ಆಫ್ ಮಾಡ್ದಂಗೆ ನಿಂತ್ಹೋಯ್ತು, ಡಾಕ್ಟರನ್ನ ದೇವರು ಅಂದ್ಕೊಂಡ್ವಿ. ಡಿಗ್ರಿ ಮುಗೀತು, ಮದುವೆ ಆಯ್ತು, ಅದೇ ಚೀಟಿ, ಅದೇ ಡೋಸು, ರಿಪೀಟ್ ರಿಪೀಟ್ ಅಂತ ಬರೆದು ಕೊಡ್ತಾನೇ ಹೋದ್ರು. ಲಗ್ನಪತ್ರಿಕೆ ಕೊಟ್ಟಾಗ ಡಾಕ್ಟರ್ ಕಂಗ್ರಾಟ್ಸ್ ಅಂದ್ರಂತೆ, ಮಾತ್ರೆ ಬಗ್ಗೆ ಒಂದು ಮಾತಿಲ್ಲ. ಆಸ್ಪತ್ರೆ ಹೆಸರು ಹೇಳಲ್ಲ, ಹೇಳಿ ಪ್ರಯೋಜನಾನೂ ಇಲ್ಲ, ಯಾಕಂದ್ರೆ ಆಮೇಲೆ ಈ ಬಗ್ಗೆ ನಾನು ಹಾಕಿದ ಪೋಸ್ಟ್ ನೋಡಿ ಮೆಸೇಜ್ ಮಾಡಿದ ಬೇರೆ ಬೇರೆ ಊರಿನ ಹೆಂಗಸರು ಹೇಳಿದ್ದು ಹೆಚ್ಚುಕಮ್ಮಿ ಇದೇ ಕಥೆ, ಆಸ್ಪತ್ರೆ ಮಾತ್ರ ಬೇರೆ ಬೇರೆ.

ಮಗ ಹುಟ್ಟಿದಾಗ ಎಲ್ಲ ಸರಿ ಇದ್ದ. ಎರಡು ವರ್ಷ ಆದ್ರೂ ಮಾತಿಲ್ಲ, ಗಂಡುಮಕ್ಕಳು ತಡ ಅಂದ್ರು ಎಲ್ರೂ. ನಾಲ್ಕು ತುಂಬೋ ಹೊತ್ತಿಗೆ ಆಟಿಸಂ ಅಂತ ಬರೆದು ಕೊಟ್ರು. ಈಗ್ಲೂ ಕುಕ್ಕರ್ ಸೀಟಿ ಕೂಗಿದ್ರೆ ಕಿವಿ ಮುಚ್ಕೊಂಡು ಮಂಚದ ಕೆಳಗೆ ಹೋಗ್ತಾನೆ. ಗ್ರಹಣದ ದಿನ ಹೊರಗೆ ಬಂದಿದ್ಲು ಅಂತ ಅವಳ ಅತ್ತೆ, ಪಪ್ಪಾಯ ತಿಂದಿದ್ಲು ಅಂತ ಇನ್ಯಾರೋ, ಮೊಬೈಲ್ ಕೊಟ್ಟು ಹಾಳು ಮಾಡಿದ್ರಿ ಅಂತ ನಮ್ಮ ನೆಂಟರೇ. ಬಸುರಲ್ಲಿ ಏನಾದ್ರೂ ಮಾತ್ರೆ ತಗೋತಿದ್ರಾ ಅಂತ ಮೊದಲ ಸಲ ಕೇಳಿದ್ದು ಒಬ್ಬ ಸ್ಪೀಚ್ ಥೆರಪಿಸ್ಟ್ ಹುಡುಗಿ. ಹಾಗಂತ ಈ ಒಂದು ಮಗುಗೆ ಇದ್ರಿಂದಲೇ ಆಯ್ತು ಅಂತ ನಾನು ಆಣೆ ಮಾಡಿ ಹೇಳೋಕಾಗಲ್ಲ, ಆಟಿಸಂ ಬೇರೆ ಕಾರಣಕ್ಕೂ ಬರುತ್ತೆ, ಒಂದೊಂದು ಮಗುವಿನಲ್ಲಿ ಇದೇ ಅಂತ ಬೊಟ್ಟು ಮಾಡೋದು ಡಾಕ್ಟರಿಗೂ ಕಷ್ಟ. ಆದ್ರೆ ಈ ಮಾತ್ರೆ ನುಂಗಿದ ತಾಯಂದಿರ ಮಕ್ಕಳಲ್ಲಿ 100ಕ್ಕೆ ಎಷ್ಟು ಅನ್ನೋ ಲೆಕ್ಕ ಇದ್ಯಲ್ಲ, ಆ ಲೆಕ್ಕ ಅವಳಿಗೆ ಹೇಳ್ಬೇಕಿತ್ತು. ಅವಳು ಬೇರೆ ಮಾತ್ರೆ ಕೇಳ್ತಿದ್ಲೋ, ಮಗು ಬೇಡ ಅಂತಿದ್ಲೋ, ಇದನ್ನೇ ಮುಂದುವರಿಸ್ತಿದ್ಲೋ, ಅದು ಅವಳಿಗೆ ಬಿಟ್ಟಿದ್ದು. ಈಗ ಅವಳು ಕೇಳೋದು ಒಂದೇ, ನಾನೇ ಅಲ್ವಾ ಅಣ್ಣ ನುಂಗಿದ್ದು ಅಂತ. ಇದಕ್ಕೆ ಯಾವ ಡೈಲಾಗ್ ಬರೆಯೋದು ಅಂತ ನನಗೆ ಗೊತ್ತಿಲ್ಲ.

ಈ ವಿಷಯ ನಿನ್ನೆ ಮೊನ್ನೆ ಗೊತ್ತಾಗಿದ್ದೂ ಅಲ್ಲ. 1982ರಲ್ಲೇ ಫ್ರಾನ್ಸಿನ ಲಿಯೋನ್‌ನಿಂದ ಬೆನ್ನುಹುರಿ ನ್ಯೂನತೆ ಬಗ್ಗೆ ವರದಿ ಬಂತು. 1984ಕ್ಕೆ ಈ ಮಕ್ಕಳ ಮುಖಲಕ್ಷಣ, ತೊಂದ್ರೆ ಎಲ್ಲ ಸೇರಿಸಿ ಒಂದು ಸಿಂಡ್ರೋಮ್ ಅಂತ ಹೆಸರೂ ಇಟ್ರು. ಇನ್ನೂ ಹಿಂದಕ್ಕೆ ಹೋದ್ರೆ, ಬ್ರಿಟನ್‌ನಲ್ಲಿ 1970ರ ದಶಕದಲ್ಲಿ ಈ ಮಾತ್ರೆಗೆ ಪರ್ಮಿಷನ್ ಕೊಡುವಾಗಲೇ ಅಲ್ಲಿನ ಔಷಧ ಸುರಕ್ಷತಾ ಸಮಿತಿಗೆ ಬಸುರಿಯರ ಬಗ್ಗೆ ಅನುಮಾನ ಇತ್ತು, ಡಾಕ್ಟರುಗಳಿಗೆ ಹೇಳೋಣ, ರೋಗಿ ಕೈಗೆ ಸಿಗೋ ಹಾಳೇಲಿ ಬೇಡ, ಸುಮ್ನೆ ಹೆದರ್ಕೋತಾರೆ ಅಂತ ತೀರ್ಮಾನ ಮಾಡಿದ್ರು. ಆ ಕಾಗದಗಳನ್ನ ಸರ್ಕಾರಿ ದಾಖಲೆಗಳಿಂದ ಹುಡುಕಿ ತೆಗೆದವರು ದೊಡ್ಡ ಪತ್ರಕರ್ತರಲ್ಲ, ಜಾನೆಟ್ ವಿಲಿಯಮ್ಸ್, ಎಮ್ಮಾ ಮರ್ಫಿ ಅನ್ನೋ ಇಬ್ಬರು ತಾಯಂದಿರ ಗುಂಪು. ಎಮ್ಮಾಗೆ ಐದು ಮಕ್ಕಳು, ಐದಕ್ಕೂ ತೊಂದ್ರೆ. ಆಕೆಗೆ ವಿಷಯ ಗೊತ್ತಾಗಿದ್ದು ಡಾಕ್ಟರಿಂದ ಅಲ್ಲ, ಟಿವಿ ನ್ಯೂಸಲ್ಲಿ ಜಾನೆಟ್ ಮಾತಾಡ್ತಿದ್ದಿದ್ದನ್ನ ನೋಡಿ. ಇಬ್ಬರೂ ಸೇರಿ 2012ರಲ್ಲಿ ಇನ್‌ಫ್ಯಾಕ್ಟ್ ಅಂತ ಸಂಘ ಕಟ್ಟಿದ್ರು. ಅವರ ಮತ್ತೆ ಬೇರೆ ಎರಡು ಗುಂಪುಗಳ ಗಲಾಟೆಗೆ ಮಣಿದು ಬ್ಯಾರೊನೆಸ್ ಕಂಬರ್ಲೆಜ್ ನೇತೃತ್ವದಲ್ಲಿ ವಿಚಾರಣೆ ಆಯ್ತು, 2020ರ ಜುಲೈನಲ್ಲಿ ವರದಿ ಬಂತು, ಸರ್ಕಾರ ಕ್ಷಮೆ ಕೇಳ್ತು. 2024ರ ಫೆಬ್ರವರೀಲಿ ಅಲ್ಲಿನ ರೋಗಿ ಸುರಕ್ಷತಾ ಕಮಿಷನರ್ ಹೆನ್ರಿಯೆಟ್ಟಾ ಹ್ಯೂಸ್ ಅವರು ವಾಲ್ಪ್ರೊಯೇಟಿಂದ ತೊಂದ್ರೆ ಆದ ಒಬ್ಬೊಬ್ಬರಿಗೂ ಮೊದಲ ಕಂತಾಗಿ 1 ಲಕ್ಷ ಪೌಂಡ್ ಕೊಡಿ ಅಂತ ಶಿಫಾರಸು ಮಾಡಿದ್ರು. ಅದಾಗಿ ವರ್ಷ ಕಳೆದ್ರೂ ದುಡ್ಡು ಬರದೆ ಆ ತಾಯಂದಿರು ಓಡಾಡ್ತಾನೇ ಇದ್ರು, ಅಲ್ಲೂ ಎಲ್ಲ ಸುಸೂತ್ರ ಅಂತೇನಿಲ್ಲ.

ಫ್ರಾನ್ಸಲ್ಲಿ ಮರೀನ್ ಮಾರ್ತಾನ್ ಅಂತ ಒಬ್ಬ ತಾಯಿ, ಎರಡು ಮಕ್ಕಳಿಗೂ ತೊಂದ್ರೆ, 2011ರಲ್ಲಿ ಅಪೆಸಾಕ್ ಅನ್ನೋ ಸಂಘ ಶುರು ಮಾಡಿದ್ರು. 2017ರಿಂದ ಅಲ್ಲಿ ಸರ್ಕಾರಿ ಪರಿಹಾರ ವ್ಯವಸ್ಥೆನೇ ಇದೆ. ಈ ಮಾತ್ರೆ ಡಬ್ಬಿ ಮೇಲೆ ಬಸುರಿ ಹೆಂಗಸಿನ ಚಿತ್ರದ ಎಚ್ಚರಿಕೆ ಇರುತ್ತೆ, ಓದೋಕೆ ಬರದೇ ಇರೋರಿಗೂ ಅರ್ಥ ಆಗುತ್ತೆ. 2022ರ ಜನವರೀಲಿ ಪ್ಯಾರಿಸ್ ಕೋರ್ಟು, ಈ ಮಾತ್ರೆ ತಯಾರಿಸೋ ಸನೋಫಿ ಕಂಪನಿ ಎಚ್ಚರ ವಹಿಸೋದ್ರಲ್ಲೂ ಮಾಹಿತಿ ಕೊಡೋದ್ರಲ್ಲೂ ತಪ್ಪು ಮಾಡಿದೆ ಅಂತ ತೀರ್ಪು ಕೊಡ್ತು. ಕಂಪನಿ ಒಪ್ಪಿಲ್ಲ, ಅಪೀಲು ಹೋಗ್ತೀವಿ ಅಂತು. ಅಲ್ಲಿನ ಸರ್ಕಾರಿ ಸಂಸ್ಥೆಗಳೇ ಲೆಕ್ಕ ಹಾಕಿರೋ ಪ್ರಕಾರ 1967ರಿಂದ 2016ರ ತನಕ ನ್ಯೂನತೆ ಇಟ್ಕೊಂಡು ಹುಟ್ಟಿದ ಮಕ್ಕಳು 2,150ರಿಂದ 4,100. ಅಂದಾಜೇ ಇರ್ಲಿ, ಲೆಕ್ಕ ಅಂತ ಒಂದಿದೆ ಅಲ್ವಾ. ನಮ್ಮ ಕರ್ನಾಟಕದ ಲೆಕ್ಕ ಯಾರ ಹತ್ರ ಇದೆ, ಸಚಿವರೇ?

ಬಡ ದೇಶ, ಇಲ್ಲೆಲ್ಲ ಆಗಲ್ಲ ಅನ್ನೋ ಹಾಗೂ ಇಲ್ಲ. ಪಕ್ಕದ ಕೇರಳದಲ್ಲಿ, ತಿರುವನಂತಪುರದ ಶ್ರೀ ಚಿತ್ರಾ ಇನ್‌ಸ್ಟಿಟ್ಯೂಟಲ್ಲಿ 1998ರಿಂದ ಫಿಟ್ಸ್ ಇರೋ ಗರ್ಭಿಣಿಯರ ರಿಜಿಸ್ಟ್ರಿ ನಡೀತಿದೆ, ವಾಲ್ಪ್ರೊಯೇಟ್ ಡೋಸ್ ಏರಿದ್ರೆ ಅಪಾಯ ಏರುತ್ತೆ ಅಂತ ನಮ್ಮ ದೇಶದ ಹೆಂಗಸರ ಅಂಕಿನೇ ಇಟ್ಕೊಂಡು ಅವರು ತೋರಿಸಿದಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೆರೋ ವಯಸ್ಸಿನ ಹೆಣ್ಮಕ್ಕಳಿಗೆ ಇದನ್ನ ಕೊಡಬಾರದು ಅಂತ ಹೇಳ್ತು. ನಮ್ಮಲ್ಲಿ ನಿಮ್ಹಾನ್ಸ್ ಇದೆ, ಅಲ್ಲಿ ತಾಯಿ ಮಗುಗೆ ಅಂತಲೇ ಪ್ರತ್ಯೇಕ ವಾರ್ಡ್ ಇದೆ, 2022ರಲ್ಲಿ ನಿಮ್ಮ ಇಲಾಖೆನೇ ಅವರ ಜೊತೆ ಸೇರಿ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದೆ. ತಿಳಿದೋರಿಗೆ ಬರ ಇಲ್ಲ ನಮ್ಮಲ್ಲಿ. ತಿಳಿದಿರೋದು ನಿಮ್ಹಾನ್ಸ್ ಗೇಟಿಂದ ಹೊರಗೆ ಬಂದು ಸಿಂಧನೂರಿನ ಮೆಡಿಕಲ್ ಸ್ಟೋರಿಗೆ ತಲುಪಲ್ಲ ಅಷ್ಟೇ.

ಮೆಡಿಕಲ್ ಸ್ಟೋರ್ ಅಂದಾಗ ಕತ್ತರಿ ನೆನಪಾಯ್ತು. ನಮ್ಮಲ್ಲಿ ಮಾತ್ರೆ ಮಾರೋದು ಕತ್ತರಿಲಿ. ಒಂದು ವಾರಕ್ಕೆ ಕೊಡಿ ಅಂದ್ರೆ ಸ್ಟ್ರಿಪ್ಪನ್ನ ಕಚಕ್ ಅಂತ ಕಟ್ ಮಾಡಿ ಕವರ್‌ಗೆ ಹಾಕ್ತಾರೆ. ಎಚ್ಚರಿಕೆ ಅಂತ ಏನಾದ್ರೂ ಇದ್ರೆ ಅದು ಇರುವೆ ಸೈಜಿನ ಇಂಗ್ಲಿಷಲ್ಲಿ ಸ್ಟ್ರಿಪ್ ಹಿಂದೆ, ಅದ್ರಲ್ಲೂ ಅರ್ಧ ಅಂಗಡಿಯಲ್ಲೇ ಉಳಿಯುತ್ತೆ. ವಿವರದ ಹಾಳೆ ಇರೋದು ಹೋಲ್‌ಸೇಲ್ ಡಬ್ಬಿ ಒಳಗೆ, ಅದನ್ನ ರೋಗಿ ಜನ್ಮದಲ್ಲಿ ನೋಡಲ್ಲ. ಮ್ಯಾಂಚೆಸ್ಟರಲ್ಲಿ ನರ್ಸ್ ಆಗಿರೋ ಮಂಗಳೂರು ಕಡೆ ಹೆಣ್ಮಗಳೊಬ್ಬಳು ನನ್ನ ಪೋಸ್ಟ್ ನೋಡಿ ಫೋನ್ ಮಾಡಿದ್ಲು, ಅಲ್ಲಿ 2023ರ ಅಕ್ಟೋಬರಿಂದ ವಾಲ್ಪ್ರೊಯೇಟನ್ನ ಕಂಪನಿ ಡಬ್ಬಿ ಸಮೇತ ಪೂರ್ತಿ ಕೊಡ್ಬೇಕು, ಒಡೆದು ಕೊಡೋ ಹಾಗಿಲ್ಲ ಅಂತ ರೂಲ್ ಮಾಡಿದಾರೆ ಸರ್ ಅಂದ್ಲು. 2024ರ ಜನವರಿಯಿಂದ 55 ವರ್ಷದೊಳಗಿನ ಗಂಡಸು ಹೆಂಗಸು ಯಾರಿಗೇ ಆಗ್ಲಿ ಹೊಸದಾಗಿ ಶುರು ಮಾಡ್ಬೇಕಂದ್ರೆ ಇಬ್ಬರು ಸ್ಪೆಷಲಿಸ್ಟುಗಳು ಬೇರೆ ದಾರಿ ಇಲ್ಲ ಅಂತ ಸೈನ್ ಹಾಕ್ಬೇಕು ಅಂತಾನೂ ಅಲ್ಲಿ ರೂಲ್ ತಂದ್ರು. ನಾನು ಫೋನ್ ಇಟ್ಟು ನಮ್ಮ ಬೀದಿ ಮೆಡಿಕಲ್ ಸ್ಟೋರಿಗೆ ಹೋಗಿ ತಂಗಿಯ ಹಳೇ ಚೀಟಿ ಫೋಟೋ ತೋರಿಸ್ದೆ. ಹುಡುಗ ಎಷ್ಟು ಬೇಕು ಸರ್ ಅಂತ ಕತ್ತರಿ ಎತ್ಕೊಂಡ.

ಆದ್ರೆ ಬ್ರಿಟನ್‌ನಲ್ಲಿ ಮಾಡಿದ್ದನ್ನ ಹಾಗೇ ತಂದು ಇಲ್ಲಿ ಅಂಟಿಸಿದ್ರೂ ಆಗಲ್ಲ, ಯಾಕಂದ್ರೆ ನಮ್ಮ ಹೆಣ್ಮಕ್ಕಳು ಫಿಟ್ಸ್ ಇದೆ ಅನ್ನೋದನ್ನೇ ಮುಚ್ಚಿಡ್ತಾರೆ. ಮದುವೆಗೆ ಮುಂಚೆ ಹೇಳಿದ್ರೆ ಗಂಡು ಸಿಗಲ್ಲ, ಆದ್ಮೇಲೆ ಗೊತ್ತಾದ್ರೆ ತವರಿಗೆ ವಾಪಸ್. ಹಿಂದೂ ವಿವಾಹ ಕಾಯ್ದೆಲೇ ಪದೇ ಪದೇ ಫಿಟ್ಸ್ ಬರೋರಿಗೆ ಮದುವೆ ಆಗೋ ಅರ್ಹತೆ ಇಲ್ಲ ಅನ್ನೋ ಥರ ಇತ್ತು, 1999ರಲ್ಲಿ ಅದನ್ನ ತೆಗೆದ್ರು, ಕಾನೂನಿಂದ ಹೋಯ್ತು, ಮನೆಗಳಿಂದ ಹೋಗಿಲ್ಲ. ನನಗೆ ಬರೆದವರಲ್ಲಿ ಒಬ್ಬರು ಮಾತ್ರೆನ ಸಾಸಿವೆ ಡಬ್ಬಿ ತಳದಲ್ಲಿ ಇಡ್ತಿದ್ರಂತೆ, ಇನ್ನೊಬ್ಬರು ಗಂಡನಿಗೆ ಥೈರಾಯ್ಡ್ ಮಾತ್ರೆ ಅಂತ ಹೇಳಿದ್ರಂತೆ. ಇಂಥವರು ಹೆರಿಗೆ ಡಾಕ್ಟರ್ ಹತ್ರ ಹೋಗುವಾಗ ಪಕ್ಕದಲ್ಲಿ ಅತ್ತೆ ಕೂತಿರ್ತಾರೆ, ಏನಮ್ಮ ಬೇರೆ ಮಾತ್ರೆ ಏನಾದ್ರೂ ಇದ್ಯಾ ಅಂತ ಕೇಳಿದ್ರೆ ಇಲ್ಲ ಅಂತಾನೇ ಹೇಳೋದು. ಹಾಗಾಗಿ ಆ ಹೆಣ್ಮಗಳನ್ನ ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡೋ ವ್ಯವಸ್ಥೆ ಇಲ್ದೆ ಎಷ್ಟು ಫಾರ್ಮ್ ಪ್ರಿಂಟ್ ಹಾಕಿದ್ರೂ ವೇಸ್ಟು. ಇದ್ರಲ್ಲಿ ನಮ್ಮ ಟಿವಿಯವರ ಪಾಲೂ ಇದೆ, ಫಿಟ್ಸ್ ಅಂದ್ರೆ ಬಾಯಲ್ಲಿ ನೊರೆ, ಕೈಗೆ ಬೀಗದ ಕೈ ಗೊಂಚಲು, ಹಿಂದೆ ತಮಟೆ ಮ್ಯೂಸಿಕ್ಕು, ಇಷ್ಟೇ ತೋರಿಸ್ಕೊಂಡು ಬಂದಿದೀವಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ತಾಯಿ ಚೀಟಿ ಇರೋದು ನ್ಯೂರಾಲಜಿ ಫೈಲಲ್ಲಿ, ಹೆರಿಗೆ ವಿವರ ಇರೋದು ತಾಯಿ ಕಾರ್ಡಲ್ಲಿ, ಮಗುವಿನ ರಿಪೋರ್ಟ್ ಇರೋದು ನಾಲ್ಕು ವರ್ಷ ಆದ್ಮೇಲೆ ಥೆರಪಿ ಸೆಂಟರಲ್ಲಿ, ಈ ಮೂರು ಕಾಗದ ಒಂದೇ ಟೇಬಲ್ ಮೇಲೆ ಯಾವತ್ತೂ ಕೂರಲ್ಲ. ಹಾಗಾಗಿ ಯಾರಿಗೂ ಏನೂ ಆಗಿಲ್ಲ ಅಂತಾನೇ ಲೆಕ್ಕ. ಮಾತ್ರೆಯ ಅಡ್ಡಪರಿಣಾಮ ದಾಖಲಿಸೋಕೆ ದೇಶದಲ್ಲಿ 2010ರಿಂದ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಂ ಇದೆ, ಗಾಜಿಯಾಬಾದಲ್ಲಿ ಕೇಂದ್ರ, 1800 180 3024 ಅಂತ ಫ್ರೀ ನಂಬರ್ ಇದೆ, ರೋಗಿಗಳೇ ತುಂಬೋ ಫಾರ್ಮ್ ಕನ್ನಡದಲ್ಲೂ ಇದೆ. ಒಳ್ಳೇದೇ. ಆದ್ರೆ ಮಾತ್ರೆ ನುಂಗಿ ಮೈ ಮೇಲೆ ದದ್ದು ಬಂದ್ರೆ ಯಾರಾದ್ರೂ ಬರೀತಾರೆ, ನಾಲ್ಕು ವರ್ಷ ಆದ್ಮೇಲೆ ಬೇರೊಂದು ಜೀವದಲ್ಲಿ ಕಾಣಿಸ್ಕೊಂಡಿದ್ದನ್ನ ಈ ಮಾತ್ರೆ ಜೊತೆ ಜೋಡಿಸಿ ಬರೆಯೋರು ಯಾರು?

ಕಾನೂನಲ್ಲೂ ಇದೇ ಗೋಳು. ಹೊಸ ಔಷಧಿಯ ಕ್ಲಿನಿಕಲ್ ಟ್ರಯಲಲ್ಲಿ ತೊಂದ್ರೆ ಆದ್ರೆ 2019ರ ನಿಯಮದಲ್ಲಿ ಪರಿಹಾರ ಇದೆ. ಅಂಗಡೀಲಿ ಕೊಂಡು ನುಂಗಿದವರಿಗೆ ಅಂಥ ನಿಧಿ ಇಲ್ಲ, ಗ್ರಾಹಕರ ಕೋರ್ಟಿಗೆ ಹೋಗಿ ಅಂತಾರೆ, ಅಲ್ಲಿ ಎರಡು ವರ್ಷದೊಳಗೆ ದೂರು ಕೊಡ್ಬೇಕು, ತಡ ಆಗಿದ್ರೆ ಯಾಕೆ ಅಂತ ಕಾರಣ ಕೊಟ್ಟು ಕೈ ಮುಗೀಬೇಕು. ಮಗುಗೆ ಮಾತು ಬರಲ್ಲ ಅಂತ ಖಾತ್ರಿ ಆಗೋಕೇ ಎರಡು ವರ್ಷ ಬೇಕು ಸ್ವಾಮಿ. ಅಲ್ಲಿಂದ ಡಯಾಗ್ನೋಸಿಸ್ಸು, ಅಂಗವಿಕಲರಿಗೆ ಕೊಡೋ ಯುಡಿಐಡಿ ಕಾರ್ಡು, ವಾರಕ್ಕೆ ಮೂರು ದಿನ ಥೆರಪಿ, ಅದ್ರ ಫೀಸು, ಇಷ್ಟೆಲ್ಲ ಮಧ್ಯೆ ಹಳೇ ಚೀಟಿ ಹುಡುಕ್ಕೊಂಡು ಹತ್ತು ವರ್ಷದ ಹಿಂದೆ ಯಾರು ಏನ್ ಹೇಳಿದ್ರು ಏನ್ ಹೇಳ್ಲಿಲ್ಲ ಅಂತ ಪ್ರೂವ್ ಮಾಡೋ ಶಕ್ತಿ ಯಾವ ತಾಯಿಗಿದೆ.

ನಾನು ಕೇಳ್ತಿರೋದು ದೊಡ್ಡದಲ್ಲ. ಲೇಬಲ್ ಬದಲಾಯಿಸೋದು ದೆಹಲಿ ಕೆಲಸ, ಇಡೀ ದೇಶದ ಔಷಧ ನಿಯಂತ್ರಕರು ಡಿಸಿಜಿಐ ಇದಾರಲ್ಲ, ಅವರ ಹತ್ರ ಹೋಗಿ ಅಂತ ನೀವು ಹೇಳ್ತೀರಿ, ಗೊತ್ತು. ಆದ್ರೆ ಸರ್ಕಾರಿ ಆಸ್ಪತ್ರೆಗಳಿಗೆ ಮಾತ್ರೆ ಕೊಳ್ಳೋದು ನಿಮ್ಮದೇ ವೈದ್ಯಕೀಯ ಸರಬರಾಜು ನಿಗಮ, ಆ ಟೆಂಡರಲ್ಲಿ ಒಂದು ಷರತ್ತು ಹಾಕಿ, ವಾಲ್ಪ್ರೊಯೇಟ್ ಬಂದ್ರೆ ಚಿಕ್ಕ ಡಬ್ಬೀಲೇ ಬರ್ಬೇಕು, ಮೇಲೆ ಬಸುರಿ ಚಿತ್ರಕ್ಕೆ ಕೆಂಪು ಗೀಟು, ಕನ್ನಡದಲ್ಲಿ ಎರಡು ಸಾಲು, ಒಂದು ಸಾಲು ಬಸುರಲ್ಲಿ ಅಪಾಯ ಅಂತ, ಇನ್ನೊಂದು ಸಾಲು ಡಾಕ್ಟರನ್ನ ಕೇಳ್ದೆ ನಿಲ್ಲಿಸ್ಬೇಡಿ ಅಂತ, ಎರಡೂ ಒಟ್ಟಿಗೇ ಇರ್ಬೇಕು. ಇದಕ್ಕೆ ದೆಹಲಿ ಬೇಕಾಗಿಲ್ಲ. ತಾಯಿ ಕಾರ್ಡಲ್ಲಿ ಫಿಟ್ಸ್ ಮಾತ್ರೆ, ಮಾನಸಿಕ ಕಾಯಿಲೆ ಮಾತ್ರೆ ಇದ್ರೆ ಅದ್ರ ಹೆಸರು ಬರೆಯೋ ಒಂದು ಜಾಗ ಮಾಡಿ, ಅದನ್ನ ಕೇಳೋವಾಗ ಆಶಾ ಅಕ್ಕ ಆಗ್ಲಿ ನರ್ಸಮ್ಮ ಆಗ್ಲಿ ಮನೆಯವರನ್ನ ಹೊರಗೆ ಕಳಿಸಿ ಕೇಳ್ಲಿ. ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳನ್ನ ನೋಡೋ ಬಾಲ ಸ್ವಾಸ್ಥ್ಯ ಟೀಮು, ಜಿಲ್ಲೆಯ ಅರ್ಲಿ ಇಂಟರ್ವೆನ್ಷನ್ ಸೆಂಟರ್ ಇದ್ಯಲ್ಲ, ಅಲ್ಲಿ ಬೆಳವಣಿಗೆ ತಡ ಅಂತ ಬರೆಯೋ ಪ್ರತಿ ಮಗುವಿನ ತಾಯಿನೂ ಬಸುರಲ್ಲಿ ಯಾವ ಮಾತ್ರೆ ತಗೋತಿದ್ರಿ ಅಂತ ಕೇಳ್ಲಿ, ಉತ್ತರ ಗಾಜಿಯಾಬಾದಿಗೂ ಹೋಗ್ಲಿ, ಒಂದು ಕಾಪಿ ನಿಮ್ಮ ಟೇಬಲ್‌ಗೂ ಬರ್ಲಿ. ತಾಲ್ಲೂಕು ಆಸ್ಪತ್ರೇಲಿ ವಾಲ್ಪ್ರೊಯೇಟ್ ಫ್ರೀ ಸಿಗುತ್ತೆ, ಬದಲಿ ಮಾತ್ರೆ ಸ್ಟಾಕಿಲ್ಲ ಅನ್ನೋದಾದ್ರೆ ಅದು ಆಯ್ಕೆನೇ ಅಲ್ಲ, ಅದನ್ನೂ ತರಿಸಿ ಇಡಿ. ಮತ್ತೆ ಮದುವೆ ವಯಸ್ಸಿನ ಹೆಣ್ಮಗಳಿಗೆ ಇದನ್ನ ಬರೆಯೋ ಡಾಕ್ಟರ್ ವರ್ಷಕ್ಕೊಂದು ಸಲ, ವಿಷಯ ಹೇಳಿದೀನಿ ಅಂತ ಅವಳ ಮುಂದೆನೇ ಚೀಟೀಲಿ ಒಂದು ಸಾಲು ಬರೀಲಿ. ಒಪಿಡೀಲಿ ನೂರೈವತ್ತು ಜನ ಕ್ಯೂ ಇರ್ತಾರೆ ಅಂತ ಡಾಕ್ಟರುಗಳು ಬೈಕೋತಾರೆ, ನಿಜಾನೇ, ಅವರ ಮೇಲೆ ನನಗೆ ಸಿಟ್ಟಿಲ್ಲ, ಆದ್ರೂ ಒಂದು ಸಾಲು ಬರೆಯೋಕೆ ಎಷ್ಟು ಹೊತ್ತು. ಪರಿಹಾರ ನಿಧಿ ಬಗ್ಗೆ ಆಮೇಲೆ ಜಗಳ ಆಡೋಣ, ನಾನು ಬಿಡೋನಲ್ಲ, ಮೊದಲು ಲೆಕ್ಕ ಶುರು ಆಗ್ಲಿ.

ಕೊನೇದಾಗಿ ನನ್ನ ಜೊತೆ ಬರೆಯೋರಿಗೆ, ಚಾನಲ್‌ನವರಿಗೆ ನಾಲ್ಕು ಮಾತು. ನಾವು ಬರೆಯೋದ್ರಿಂದ ಏನಾಗುತ್ತೆ ಅಂತ ಕೇಳ್ಬೇಡಿ. ಜರ್ಮನೀಲಿ ಕಾಂಟೆರ್ಗಾನ್ ಅಂತ ನಿದ್ದೆ ಮಾತ್ರೆ, ಬೇರೆ ಕಡೆ ಥಾಲಿಡೊಮೈಡ್ ಅಂತಾರೆ, 1957ರಿಂದ 1961ರ ತನಕ ಮಾರಿದ್ರು, ಬಸುರಿಯರಿಗೂ ಸೇಫ್ ಅಂತ ಹೇಳಿ, ಪ್ರಪಂಚದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಕೈಕಾಲು ಸರಿಯಾಗಿ ಬೆಳೀದೆ ಹುಟ್ಟಿದ್ರು. ಐವತ್ತು ವರ್ಷ ಹತ್ತಿರ ಆದ್ಮೇಲೆ ಅದ್ರ ಮೇಲೆ ಒಂದು ಟಿವಿ ಸಿನಿಮಾ ಮಾಡಿದ್ರೆ ಗ್ರುನೆಂಥಾಲ್ ಕಂಪನಿ ಕೋರ್ಟಿಗೆ ಹೋಗಿ ನಿಲ್ಲಿಸ್ತು, ಒಂದು ವರ್ಷಕ್ಕೂ ಮೇಲೆ ಎಳೆದಾಡಿ ಅಲ್ಲಿನ ಸಂವಿಧಾನ ಕೋರ್ಟ್ ಬಿಟ್ಮೇಲೆ 2007ರ ನವೆಂಬರಲ್ಲಿ ಎರಡು ರಾತ್ರಿ ಪ್ರಸಾರ ಆಯ್ತು. ಮುಂದಿನ ವರ್ಷನೇ ಸರ್ಕಾರ ಆ ಮಕ್ಕಳ, ಅಂದ್ರೆ ಅಷ್ಟೊತ್ತಿಗೆ ನಡುವಯಸ್ಸು ಆಗಿದ್ದವರ ಪಿಂಚಣಿ ಡಬಲ್ ಮಾಡ್ತು, ಆಮೇಲೆ ಕಂಪನಿ ಇನ್ನೂ 5 ಕೋಟಿ ಯೂರೋ ಕೊಡ್ತು. ಬ್ರಿಟನ್‌ನಲ್ಲಿ ಪೋಸ್ಟ್ ಆಫೀಸ್ ನಡೆಸ್ತಿದ್ದ ನೂರಾರು ಜನರನ್ನ ಕಂಪ್ಯೂಟರ್ ತಪ್ಪಿಗೆ ಕಳ್ಳರು ಅಂತ ಕೇಸ್ ಹಾಕಿದ್ರು, ಪತ್ರಕರ್ತರು ವರ್ಷಾನುಗಟ್ಟಲೆ ಬರೆದ್ರು, ಯಾರೂ ಅಲುಗಾಡ್ಲಿಲ್ಲ, 2024ರ ಜನವರೀಲಿ ಟಿವೀಲಿ ನಾಲ್ಕು ಕಂತು ಡ್ರಾಮಾ ಬಂತು, ಮೇ ತಿಂಗಳಿಗೆ ಪಾರ್ಲಿಮೆಂಟಲ್ಲಿ ಕಾನೂನೇ ಪಾಸಾಯ್ತು.

ನಾನೂ ಬರೆದೆ. ಆಗ ಬರೀತಿದ್ದ ಸೀರಿಯಲ್ಲಲ್ಲಿ ಸೊಸೆ ಪಾತ್ರಕ್ಕೆ ಫಿಟ್ಸ್ ಇದೆ, ಮಾತ್ರೆ ಮುಚ್ಚಿಡ್ತಾಳೆ, ಹೆರಿಗೆ ಡಾಕ್ಟರ್ ಅವಳನ್ನ ಒಬ್ಬಳನ್ನೇ ಒಳಗೆ ಕರೆದು ಮಾತಾಡ್ತಾರೆ, ಬೇರೆ ಮಾತ್ರೆಗೆ ಬದಲಾಯಿಸ್ತಾರೆ, ಅತ್ತೆಗೆ ಗೊತ್ತಾಗುತ್ತೆ, ಅಲ್ಲಿಂದ ಜಗಳ, ಒಂದು ವಾರದ ಎಪಿಸೋಡಿಗೆ ಮಸಾಲೆ ಏನೂ ಕಮ್ಮಿ ಇರ್ಲಿಲ್ಲ. ಮೀಟಿಂಗಲ್ಲಿ ಎಲ್ಲ ಕೇಳಿ, ಕಂಪನಿಯವರು ಕೇಸ್ ಹಾಕಿದ್ರೆ ಏನ್ ಮಾಡೋದು, ಫಿಟ್ಸ್ ಇರೋ ಹೀರೋಯಿನ್ನ ಜನ ಒಪ್ಪಲ್ಲ, ಅದ್ರ ಬದಲು ಯಾರೋ ಹಾಲಿಗೆ ವಿಷ ಹಾಕಿದ್ರು ಅಂತ ಮಾಡಿ ಅಂದ್ರು. ಹಾಲಿಗೆ ವಿಷ ಅಂದ್ರೆ ಯಾರೂ ಕೇಸ್ ಹಾಕಲ್ಲ ನೋಡಿ. ಕಂಪನಿ ಹೆಸರು ಬೇಡ, ಮಾತ್ರೆಯ ಕೆಮಿಕಲ್ ಹೆಸರು ಮಾತ್ರ ಹೇಳೋಣ ಅಂದೆ, ಅದೂ ಬೇಡ ಅಂದ್ರು.

ಆ ಎಪಿಸೋಡುಗಳು ಸೀನ್ ಸಮೇತ, ಡೈಲಾಗ್ ಸಮೇತ ನನ್ನ ಹತ್ರ ಹಾಗೇ ಇವೆ, ಇಬ್ಬರು ಡಾಕ್ಟರುಗಳ ಕೈಲಿ ತಪ್ಪು ಒಪ್ಪು ನೋಡಿಸಿದೀನಿ. ಯಾವ ಚಾನಲ್‌ನವರು, ಯೂಟ್ಯೂಬಿನವರು, ಕಾಲೇಜ್ ನಾಟಕ ತಂಡದವರು ಕೇಳಿದ್ರೂ ದುಡ್ಡಿಲ್ದೆ ಕೊಡ್ತೀನಿ, ನನ್ನ ಹೆಸರೂ ಹಾಕ್ಬೇಡಿ, ಕಥೆ ಬೇಕಾದ್ರೆ ಬದಲಾಯಿಸ್ಕೊಳ್ಳಿ, ಡಾಕ್ಟರ್ ಆ ಹುಡುಗಿನ ಒಬ್ಬಳನ್ನೇ ಕೂರಿಸ್ಕೊಂಡು ಮಾತಾಡೋ ಸೀನ್ ಒಂದನ್ನ ಕಟ್ ಮಾಡ್ಬೇಡಿ. ಸಚಿವರೇ, ನಿಮ್ಮ ಇಲಾಖೆ ಆರೋಗ್ಯ ಪ್ರಚಾರಕ್ಕೆ ಅಂತ ಕಿರುಚಿತ್ರ ಮಾಡಿಸೋದಾದ್ರೆ ನಿಮಗೂ ಅದೇ ಮಾತು.